ದಿನಸಿ ಮನೆಗೇ ತರಿಸಬೇಕಾ, ಅಂಗಡಿಗೇ ಹೋಗಬೇಕಾ? ಪಟ್ಟಿ ಹಿಡಿದು ತೀರ್ಮಾನ ಮಾಡುವ ಬಗೆ

ದಿನಸಿ ಡೆಲಿವರಿ ಒಳ್ಳೆಯದಾ, ಕೆಟ್ಟದ್ದಾ ಅಂತ ಕೇಳಿದರೆ ಯಾರಿಂದಲೂ ಸರಿಯಾದ ಉತ್ತರ ಬರುವುದಿಲ್ಲ. ಐದು ಕಿಲೋ ಹಿಟ್ಟಿನ ಚೀಲಕ್ಕೆ ಒಂದು ಉತ್ತರ, ಇವತ್ತೇ ತಿನ್ನಬೇಕಾದ ಹಣ್ಣಿಗೆ ಇನ್ನೊಂದು. ಮಂಡಿನೋವಿರುವ ಅಜ್ಜಿಗೆ ಒಂದು, ದಿನಾ ಅಂಗಡಿ ಮುಂದೆಯೇ ನಡೆದು ಬರುವವರಿಗೆ ಇನ್ನೊಂದು.

ಆದ್ದರಿಂದ ಇಡೀ ಮನೆಗೆ ಒಂದೇ ತೀರ್ಮಾನ ಬೇಡ. ಸಾಮಾನಿನ ಪಟ್ಟಿಯನ್ನು ಮುಂದೆ ಇಟ್ಟುಕೊಂಡು, ಒಂದೊಂದು ಸಾಮಾನಿಗೂ ಬೇರೆ ಬೇರೆ ತೀರ್ಮಾನ ಮಾಡಿ. ಹಣದ ಲೆಕ್ಕವನ್ನು ಮಾತ್ರ ಪೂರ್ತಿ ಬಿಲ್ ನೋಡಿ ಮಾಡಿ. ಈ ಎರಡು ಅಭ್ಯಾಸ ಇದ್ದರೆ ಡೆಲಿವರಿಯಿಂದ ಲಾಭವೇ ಜಾಸ್ತಿ. ಅದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಯಾಕೆ ಬೇಕು ಅಂತ ಮೊದಲು ಹೇಳಿಕೊಳ್ಳಿ

ಸಮಯ ಉಳಿಸಬೇಕಾ? ಭಾರ ಹೊರೋಕೆ ಆಗಲ್ವಾ? ಚಿಕ್ಕ ಮಗು ಬಿಟ್ಟು ಹೊರಗೆ ಹೋಗೋಕೆ ಆಗಲ್ವಾ? ಖರ್ಚು ಹಿಡಿತದಲ್ಲಿ ಇಡಬೇಕಾ? ಕಾರಣ ಯಾವುದು ಅನ್ನುವುದರ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿದೆ.

ಕಾಯಿಲೆ, ಅಂಗವೈಕಲ್ಯ, ಬಾಣಂತನ, ವಯಸ್ಸು, ಮನೆಯಲ್ಲಿ ಒಬ್ಬರನ್ನು ನೋಡಿಕೊಳ್ಳುವ ಜವಾಬ್ದಾರಿ, ಇವು ಕಾರಣವಾದರೆ ನಾಲ್ಕು ಕಾಸು ಜಾಸ್ತಿ ಹೋಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಅದು ಸೋಮಾರಿತನ ಅಲ್ಲ. 1984ರಲ್ಲಿ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ 72 ವರ್ಷದ ಒಬ್ಬ ಹೆಂಗಸು ಟಿವಿ ರಿಮೋಟ್ ಒತ್ತಿ ಮಾರ್ಗರೀನ್, ಕಾರ್ನ್‌ಫ್ಲೇಕ್ಸ್, ಮೊಟ್ಟೆ ತರಿಸಿಕೊಂಡರು. ಮನೆಯಿಂದಲೇ ಎಲೆಕ್ಟ್ರಾನಿಕ್ ಸಾಧನದಲ್ಲಿ ದಿನಸಿ ತರಿಸಿದವರಲ್ಲಿ ಅವರೇ ಮೊದಲಿಗರು ಅಂತ ಹೇಳುತ್ತಾರೆ. ಓಡಾಡಲು ಕಷ್ಟಪಡುವವರಿಗೆ ಅಂತಲೇ ಆ ಪ್ರಯೋಗ ನಡೆದಿತ್ತು.

ಇದರ ಇನ್ನೊಂದು ಮುಖವೂ ಇದೆ. ಕೆಲವು ಹಿರಿಯರಿಗೆ ಅಂಗಡಿಗೆ ಹೋಗಿಬರುವುದೇ ದಿನದ ನಡಿಗೆ, ನಾಲ್ಕು ಮಾತು ಆಡುವ ಅವಕಾಶ. ಮಕ್ಕಳು ಪ್ರೀತಿಯಿಂದಲೇ ಫೋನಿಗೆ ಆ್ಯಪ್ ಹಾಕಿಕೊಟ್ಟು, 'ಇನ್ನು ನೀವು ಎಲ್ಲೂ ಹೋಗಬೇಡಿ' ಅಂತಾರೆ. ಹಾಗೆ ಹೇಳುವ ಮುಂಚೆ ಅವರನ್ನೇ ಒಂದು ಮಾತು ಕೇಳಿ. ಭಾರದ ಸಾಮಾನು ಮನೆಗೆ ಬರಲಿ, ಹಾಲು–ಹಣ್ಣು ಅವರೇ ಹೋಗಿ ತರಲಿ. ಹೀಗೆ ಹಂಚಿಕೊಂಡರೆ ಇಬ್ಬರಿಗೂ ಸಮಾಧಾನ.

ಹಂತ 2: ಯಾವ ಬಗೆಯ ಡೆಲಿವರಿ ಅಂತ ತಿಳಿದುಕೊಳ್ಳಿ

ಎಲ್ಲ ಡೆಲಿವರಿಯೂ ಒಂದೇ ಅಲ್ಲ. ಅಂಗಡಿಯೇ ತನ್ನ ಗಾಡಿಯಲ್ಲಿ, ನಾವು ಮೊದಲೇ ಆರಿಸಿದ ಹೊತ್ತಿಗೆ, ಅಂದರೆ ಸ್ಲಾಟ್‌ಗೆ, ಕಳಿಸುವುದು ಒಂದು. ಬೇರೆ ಕಂಪನಿಯ ಆಳು ಅಂಗಡಿಗೆ ಹೋಗಿ ನಿಮ್ಮ ಪರವಾಗಿ ಆರಿಸಿ ತರುವುದು ಇನ್ನೊಂದು. ಗ್ರಾಹಕರಿಗೆ ಪ್ರವೇಶವಿಲ್ಲದ ಚಿಕ್ಕ ಗೋದಾಮಿನಿಂದ ಕೆಲವೇ ನಿಮಿಷದಲ್ಲಿ ಬರುವುದು ಮೂರನೆಯದು. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ, ನಾವೇ ಹೋಗಿ ಕಟ್ಟಿಟ್ಟ ಚೀಲ ಎತ್ತಿಕೊಂಡು ಬರುವ ಪಿಕಪ್ ಕೂಡ ಇದೆ. ಇದು ಯಾಕೋ ಅನೇಕರ ತಲೆಗೇ ಬರುವುದಿಲ್ಲ.

ತಿಂಗಳ ದೊಡ್ಡ ಪಟ್ಟಿಗೆ ಸ್ಲಾಟ್ ಡೆಲಿವರಿ ಚೆನ್ನ. ನಿಮಿಷಗಳಲ್ಲಿ ಬರುವ ಸೇವೆ ಅಡುಗೆ ಮಧ್ಯೆ ಉಪ್ಪು ಮುಗಿದಾಗ ಉಪಕಾರ. ಅದನ್ನೇ ದಿನಾ ಬಳಸಿದರೆ ಪ್ರತಿ ಸಲ ಪುಡಿ ಆರ್ಡರ್, ಪ್ರತಿ ಸಲ ಶುಲ್ಕ. ಗೋದಾಮು ಚಿಕ್ಕದಾದ್ದರಿಂದ ದೊಡ್ಡ ಪ್ಯಾಕ್‌ಗಳೂ ಅಲ್ಲಿ ಕಡಿಮೆ ಇರಬಹುದು. ದಾರಿಯಲ್ಲೇ ಅಂಗಡಿ ಇದ್ದು, ಒಳಗೆ ಸುತ್ತಾಡುವಷ್ಟು ಹೊತ್ತು ಇಲ್ಲದವರಿಗೆ ಪಿಕಪ್ ಒಳ್ಳೆಯದು. ಅಲ್ಲೇ ಚೀಲ ಬಿಚ್ಚಿ ನೋಡಿ, ಬೇಡವಾದದ್ದನ್ನು ವಾಪಸ್ ಕೊಟ್ಟು ಬರಬಹುದು.

ಹಂತ 3: ಪಟ್ಟಿಯನ್ನು ಎರಡು ಮಾಡಿ

ಇಡೀ ವಿಷಯದಲ್ಲಿ ಇದೇ ಮುಖ್ಯ. ಒಂದು ಹಾಳೆ ತೆಗೆದುಕೊಂಡು ಮಧ್ಯೆ ಗೆರೆ ಎಳೆಯಿರಿ.

ಎಡಗಡೆ, ಯಾರು ಆರಿಸಿದರೂ ಒಂದೇ ಆಗಿರುವ ಸಾಮಾನು. ಹಿಟ್ಟು, ಅಕ್ಕಿ, ಎಣ್ಣೆ, ಉಪ್ಪು, ಸಕ್ಕರೆ, ಸೋಪು, ಬಟ್ಟೆ ಒಗೆಯುವ ಪುಡಿ, ಟಿಶ್ಯೂ, ಡಬ್ಬಿ ಆಹಾರ. ಒಂದೇ ಬ್ರ್ಯಾಂಡು, ಒಂದೇ ತೂಕ. ಹೊರಲು ಭಾರ, ಬೇಗ ಕೆಡುವುದಿಲ್ಲ. ಇವನ್ನು ಕಣ್ಣುಮುಚ್ಚಿ ಡೆಲಿವರಿಗೆ ಬಿಡಿ.

ಬಲಗಡೆ, ಕೈಯಿಂದ ಮುಟ್ಟಿ, ಮೂಸಿ, ಒತ್ತಿ ನೋಡಿ ತರುವಂಥವು. ಹಣ್ಣು, ಸೊಪ್ಪು, ಟೊಮೆಟೊ, ಮೀನು, ಮಾಂಸ. ನಿಮ್ಮ ಪರವಾಗಿ ಆರಿಸುವವರು ಕೆಟ್ಟದ್ದನ್ನೇ ಹಾಕುತ್ತಾರೆ ಅಂತಲ್ಲ. ನೀವು ಅದನ್ನು ಯಾವಾಗ ತಿನ್ನುತ್ತೀರಿ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಇವತ್ತು ರಾತ್ರಿಗೆ ಬೇಕಾದ ಟೊಮೆಟೊ ಬೇರೆ, ನಾಲ್ಕು ದಿನ ಇಡಬೇಕಾದ ಟೊಮೆಟೊ ಬೇರೆ, ಅಲ್ವಾ? ಜೊತೆಗೆ ಅವರಿಗೆ ಗಡಿಯಾರದ ಒತ್ತಡ ಇರುತ್ತದೆ. ಒಂದೊಂದು ಕಾಯಿ ತಿರುಗಿಸಿ ನೋಡುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

ಹಾಲು, ಮೊಸರು, ಬ್ರೆಡ್ಡು, ಮೊಟ್ಟೆ ಮಧ್ಯದ ಗೆರೆ ಮೇಲೆ ಕೂರುತ್ತವೆ. ಅಂಗಡಿಯವರು ಸಾಮಾನ್ಯವಾಗಿ ಹಳೆಯ ದಿನಾಂಕದ ಪ್ಯಾಕೆಟ್ಟನ್ನು ಮುಂದಕ್ಕೆ, ಹೊಸದನ್ನು ಹಿಂದಕ್ಕೆ ಜೋಡಿಸುತ್ತಾರೆ. ನಾವೇ ಹೋದರೆ ಕೈ ಹಿಂದಕ್ಕೆ ಹಾಕಿ ಹೊಸದನ್ನು ಎಳೆದುಕೊಳ್ಳುತ್ತೇವೆ. ಅವಸರದಲ್ಲಿ ಇರುವವರ ಕೈಗೆ ಮುಂದಿನದೇ ಸಿಗುತ್ತದೆ. ದಿನಕ್ಕೆ ಒಂದು ಪ್ಯಾಕೆಟ್ ಖಾಲಿಯಾಗುವ ದೊಡ್ಡ ಮನೆಗೆ ಇದರಿಂದ ಏನೂ ತೊಂದರೆ ಇಲ್ಲ. ಒಬ್ಬರೇ ಇರುವ ಮನೆಯಲ್ಲಿ ಅರ್ಧ ಪ್ಯಾಕೆಟ್ ಚೆಲ್ಲುವ ಸ್ಥಿತಿ ಬರುತ್ತದೆ.

ಬಲಗಡೆಯ ಸಾಮಾನನ್ನೂ ತರಿಸಲೇಬೇಕಾದವರು ಆ್ಯಪ್‌ನಲ್ಲಿರುವ ಟಿಪ್ಪಣಿಯ ಜಾಗವನ್ನು ಬಳಸಿ. 'ಒಳ್ಳೆಯದು ಹಾಕಿ' ಅಂತ ಬರೆದರೆ ಏನೂ ಪ್ರಯೋಜನವಿಲ್ಲ. 'ಬಾಳೆಹಣ್ಣು ತುದಿಯಲ್ಲಿ ಹಸಿರಿರಲಿ, ಮೂರು ದಿನ ಬಿಟ್ಟು ಬೇಕು' ಅಂತ ಬರೆದರೆ ಆರಿಸುವವರಿಗೆ ದಾರಿ ಸಿಗುತ್ತದೆ. ಅಳತೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. '3' ಅಂತ ಒತ್ತಿದರೆ ಮೂರು ಹಣ್ಣಾ, ಮೂರು ಗೊನೆಚಿಪ್ಪಾ, ಮೂರು ಕಿಲೋನಾ? ತೂಕದ ಸಾಮಾನಿನಲ್ಲಿ ಜನ ಜಾಸ್ತಿ ಎಡವುವುದು ಇಲ್ಲಿಯೇ.

ಹಂತ 4: ಕೊನೆಯ ಪುಟದ ಬಿಲ್ಲನ್ನು ಹೋಲಿಸಿ

'ಡೆಲಿವರಿ ಉಚಿತ' ಅಂತ ದೊಡ್ಡದಾಗಿ ಬರೆದಿರುತ್ತದೆ. ಆದರೆ ಯಾರೋ ಒಬ್ಬರು ಅಂಗಡಿಯಲ್ಲಿ ಸುತ್ತಿ, ಚೀಲಕ್ಕೆ ತುಂಬಿ, ಗಾಡಿ ಓಡಿಸಿ, ಮೆಟ್ಟಿಲು ಹತ್ತಿ ಬರಬೇಕು. ಆ ಖರ್ಚು ಎಲ್ಲಿಂದಲಾದರೂ ಹುಟ್ಟಲೇಬೇಕು. ಅಮೆರಿಕದಲ್ಲಿ 1996ರಲ್ಲಿ ಶುರುವಾದ ವೆಬ್‌ವ್ಯಾನ್ ಅನ್ನುವ ಕಂಪನಿ ದೊಡ್ಡ ದೊಡ್ಡ ಗೋದಾಮು ಕಟ್ಟಿ ಮನೆಮನೆಗೆ ದಿನಸಿ ಕಳಿಸಲು ಹೊರಟು, ಖರ್ಚು ತೂಗಿಸಲಾಗದೆ 2001ರಲ್ಲಿ ದಿವಾಳಿಯಾಯಿತು. ಮನೆ ಬಾಗಿಲವರೆಗಿನ ಕೊನೆಯ ತುಂಡು ದಾರಿಯ ಖರ್ಚು ಅಷ್ಟು ಭಾರ.

ಹಾಗಾದರೆ ಆ ಖರ್ಚು ಯಾವ ಯಾವ ಹೆಸರಿನಲ್ಲಿ ಬರುತ್ತದೆ? ಡೆಲಿವರಿ ಶುಲ್ಕ ಕಣ್ಣಿಗೆ ಕಾಣುತ್ತದೆ. ಅದರ ಪಕ್ಕದಲ್ಲೇ ಸಾಮಾನು ತೆಗೆದು ಕಟ್ಟುವುದಕ್ಕೆ ಹಾಕುವ ಹ್ಯಾಂಡ್ಲಿಂಗ್ ಶುಲ್ಕ, ಚಿಕ್ಕ ಆರ್ಡರ್ ಶುಲ್ಕ, ಮಳೆ ಅಥವಾ ಜನದಟ್ಟಣೆಯ ಹೊತ್ತಿನ ಶುಲ್ಕ, ಚೀಲದ ಶುಲ್ಕ, ಮೊದಲೇ ಟಿಕ್ ಹಾಕಿಟ್ಟ ಟಿಪ್ಪು. ಇವೆಲ್ಲ ಕೊನೆಯ ಪುಟದಲ್ಲಿ ಒಂದೊಂದಾಗಿ ಇಣುಕುತ್ತವೆ. ಕಾಣದೇ ಇರುವುದು ಸಾಮಾನಿನ ಬೆಲೆಯಲ್ಲೇ ಸೇರಿಸಿರುವ ಮೊತ್ತ. ಅದೇ ಅಂಗಡಿಯ ಅದೇ ಪ್ಯಾಕೆಟ್ಟಿಗೆ ಆ್ಯಪ್‌ನಲ್ಲಿ ಬೇರೆ ಬೆಲೆ ಇರಬಹುದು. ಅಂಗಡಿಯ ಕಪಾಟಿನ ಮೇಲಿರುವ ರಿಯಾಯಿತಿ ಆ್ಯಪ್‌ನಲ್ಲಿ ಇಲ್ಲದಿರಬಹುದು.

ಇದನ್ನು ಪರೀಕ್ಷೆ ಮಾಡುವುದು ಕಷ್ಟವೇನಿಲ್ಲ. ನೀವು ಇತ್ತೀಚೆಗೆ ಅಂಗಡಿಗೆ ಹೋಗಿ ತಂದ ಒಂದು ಬಿಲ್ ಇಟ್ಟುಕೊಳ್ಳಿ. ಅದರಲ್ಲಿ ಪ್ರತಿ ಸಲವೂ ತರುವ ಹತ್ತು ಸಾಮಾನಿಗೆ ಗುರುತು ಹಾಕಿ. ಅದೇ ಬ್ರ್ಯಾಂಡು, ಅದೇ ತೂಕ ನೋಡಿ ಆ್ಯಪ್‌ನ ಕಾರ್ಟಿಗೆ ಹಾಕಿ, ದುಡ್ಡು ಕಟ್ಟುವ ಪುಟದವರೆಗೆ ಹೋಗಿ ನಿಲ್ಲಿ. ಕಟ್ಟಬೇಡಿ. ಈಗ ಎರಡೂ ಮೊತ್ತವನ್ನು ಪಕ್ಕ ಪಕ್ಕ ಬರೆಯಿರಿ. ನಿಮ್ಮ ಮನೆಗೆ ಡೆಲಿವರಿಯ ನಿಜವಾದ ಬೆಲೆ ಆ ವ್ಯತ್ಯಾಸದಲ್ಲಿದೆ. ಬೆಲೆಗಳು ಬದಲಾಗುತ್ತಿರುವುದರಿಂದ ಆಗಾಗ ಈ ಪರೀಕ್ಷೆ ಮಾಡುತ್ತಿರಿ.

ಪ್ಯಾಕಿನ ಗಾತ್ರದಲ್ಲಿ ಮೋಸ ಹೋಗುವುದು ಸುಲಭ. ಫೋನಿನ ಪರದೆ ಮೇಲೆ 400 ಗ್ರಾಮಿನ ಪ್ಯಾಕೂ 500 ಗ್ರಾಮಿನ ಪ್ಯಾಕೂ ಒಂದೇ ಅಳತೆಯ ಚಿತ್ರದಲ್ಲಿ ಕಾಣುತ್ತವೆ. ಕೈಯಲ್ಲಿ ಹಿಡಿದರೆ ಗೊತ್ತಾಗುವ ವ್ಯತ್ಯಾಸ ಕಣ್ಣಿಗೆ ಗೊತ್ತಾಗಲ್ಲ. 100 ಗ್ರಾಮಿಗೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಕೆಲವು ಆ್ಯಪ್‌ಗಳು ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನು ಬರೆದೂ ಇರುತ್ತವೆ.

ಇನ್ನು ಮೆಂಬರ್‌ಶಿಪ್. ವರ್ಷದ ಮೆಂಬರ್‌ಶಿಪ್ ಹಣವನ್ನು ಒಂದು ಸಲದ ಡೆಲಿವರಿ ಶುಲ್ಕದಿಂದ ಭಾಗಿಸಿ. ಉತ್ತರ 20 ಬಂತು ಅಂದುಕೊಳ್ಳಿ. ತಿಂಗಳಿಗೆ ಎರಡು ಸಲ ತರಿಸುವವರಿಗೆ ವರ್ಷಕ್ಕೆ 24 ಆರ್ಡರ್, ಅಂದರೆ ನಾಲ್ಕು ಸಲದ ಶುಲ್ಕ ಉಳಿಯಿತು. ತಿಂಗಳಿಗೆ ಒಂದೇ ಸಲ ತರಿಸುವವರಿಗೆ 12, ಅಂದರೆ ಎಂಟು ಸಲದ ಶುಲ್ಕ ಸುಮ್ನೆ ಹೋಯಿತು. ಮೆಂಬರ್ ಆದರೂ ಹ್ಯಾಂಡ್ಲಿಂಗ್ ಶುಲ್ಕ ಇರುತ್ತಾ, ಕನಿಷ್ಠ ಆರ್ಡರ್ ಮೊತ್ತ ಇದೆಯಾ, ಇದನ್ನೂ ಓದಿ. ಹಣ ಕಟ್ಟಿದ ಮೇಲೆ 'ಹೇಗೂ ಫ್ರೀ ಅಲ್ವಾ' ಅಂತ ಪುಡಿ ಆರ್ಡರ್ ಜಾಸ್ತಿ ಮಾಡುವ ಚಾಳಿ ಬೆಳೆಯುತ್ತದೆ, ನನ್ನ ಮಟ್ಟಿಗೆ ಮೆಂಬರ್‌ಶಿಪ್‌ನ ನಿಜವಾದ ಖರ್ಚು ಅದೇ. ತಾನಾಗಿ ನವೀಕರಣ ಆಗುವ ದಿನ ಯಾವುದು ಅಂತ ನೋಡಿ, ಅದಕ್ಕೆ ಒಂದು ವಾರ ಮುಂಚೆ ಫೋನಿನಲ್ಲಿ ರಿಮೈಂಡರ್ ಹಾಕಿಡಿ.

ಹಂತ 5: ಅಂಗಡಿಗೆ ಹೋಗುವ ಖರ್ಚನ್ನೂ ಪ್ರಾಮಾಣಿಕವಾಗಿ ಬರೆಯಿರಿ

ಡೆಲಿವರಿ ಶುಲ್ಕ ಕಣ್ಣಿಗೆ ಚುಚ್ಚುತ್ತದೆ, ಬಸ್ ಚಾರ್ಜು, ಪೆಟ್ರೋಲು, ಪಾರ್ಕಿಂಗು ಕಾಣುವುದೇ ಇಲ್ಲ. ಅವನ್ನೂ ಬರೆಯಿರಿ. ಹೋಗಿಬರುವ ಹೊತ್ತು, ಸಾಲಿನಲ್ಲಿ ನಿಂತ ಹೊತ್ತು ಬರೆಯಿರಿ. ಆ್ಯಪ್ ಕಡೆಯ ಹೊತ್ತನ್ನೂ ಬಿಡಬೇಡಿ. ಹುಡುಕಿದ್ದು, ಕಾದಿದ್ದು, ತಪ್ಪು ಸಾಮಾನಿಗೆ ತಕರಾರು ಬರೆದದ್ದು, ಎಲ್ಲ ಸೇರಿದರೆ ಕೆಲವೊಮ್ಮೆ ಅಂಗಡಿಗೆ ಹೋಗಿ ಬರುವುದೇ ಬೇಗ ಆಗುತ್ತದೆ.

ಬೇಡದ್ದನ್ನು ಕೊಳ್ಳುವ ಆಸೆ ಎರಡೂ ಕಡೆ ಇದೆ. ಅಂಗಡಿಯಲ್ಲಿ ಬಿಲ್ ಕೌಂಟರಿನ ಪಕ್ಕದ ಚಾಕೊಲೇಟು. ಆ್ಯಪ್‌ನಲ್ಲಿ 'ಇನ್ನಿಷ್ಟು ಸೇರಿಸಿದರೆ ಡೆಲಿವರಿ ಉಚಿತ'. ಯಾವುದು ನಿಮ್ಮನ್ನು ಜಾಸ್ತಿ ಎಳೆಯುತ್ತದೆ ಅಂತ ನಿಮಗೇ ಗೊತ್ತು. ಕನಿಷ್ಠ ಮೊತ್ತ ಮುಟ್ಟಿಸಲೇಬೇಕು ಅಂದರೆ ತಿಂಡಿ ಪೊಟ್ಟಣ ಸೇರಿಸಬೇಡಿ. ಮುಂದಿನ ತಿಂಗಳಿಗೆ ಹೇಗೂ ಬೇಕಾಗುವ ಸೋಪು, ಉಪ್ಪು, ಎಣ್ಣೆ ಸೇರಿಸಿ. ಇನ್ನೂ ಒಳ್ಳೆಯ ಉಪಾಯ ಅಂದರೆ, ಮನೆಯಲ್ಲಿ ಏನು ಮುಗಿದರೂ ಆಗಲೇ ಕಾರ್ಟಿಗೆ ಹಾಕಿಡುವುದು. ವಾರದ ಕೊನೆಗೆ ಒಂದೇ ಆರ್ಡರ್.

ಹೊಗೆ, ಪ್ಲಾಸ್ಟಿಕ್ಕಿನ ಬಗ್ಗೆ ಚಿಂತಿಸುವವರಿಗೆ ಒಂದು ಮಾತು. ಒಂದು ಗಾಡಿ ಅಕ್ಕಪಕ್ಕದ ಹತ್ತಾರು ಮನೆಗೆ ಒಂದೇ ಸುತ್ತಿನಲ್ಲಿ ಕೊಟ್ಟರೆ, ಆ ಮನೆಯವರೆಲ್ಲ ಬೇರೆ ಬೇರೆ ಕಾರಿನಲ್ಲಿ ಹೋಗುವುದಕ್ಕಿಂತ ಇಂಧನ ಉಳಿಯುತ್ತದೆ. ನೀವು ನಡೆದೇ ಹೋಗುವವರಾದರೆ, ಅಥವಾ ಒಂದು ಪ್ಯಾಕೆಟ್ ಹಾಲಿಗೆ ಒಂದು ಗಾಡಿ ಬರುವುದಾದರೆ, ಆ ಮಾತು ನಡೆಯುವುದಿಲ್ಲ.

ಹಂತ 6: ಬದಲಿ ಸಾಮಾನಿನ ಬಗ್ಗೆ ಮೊದಲೇ ಹೇಳಿಬಿಡಿ

ಕೇಳಿದ್ದು ಇಲ್ಲದಿದ್ದರೆ ಅದರ ಬದಲು ಬೇರೆ ಹಾಕುವ ಪದ್ಧತಿ ಹಲವು ಸೇವೆಗಳಲ್ಲಿ ಇದೆ. ಸೆಟ್ಟಿಂಗ್ ಮುಟ್ಟದಿದ್ದರೆ ಆ ತೀರ್ಮಾನ ಬೇರೆಯವರದು. ಒಂದೊಂದು ಸಾಮಾನಿಗೂ 'ಬದಲಿ ಬೇಡ', 'ನನ್ನನ್ನು ಕೇಳಿ', 'ಇದು ಇಲ್ಲದಿದ್ದರೆ ಅದು' ಅಂತ ಆರಿಸುವ ಅವಕಾಶ ಇದ್ದರೆ ಖಂಡಿತ ಬಳಸಿ. ಟಿಶ್ಯೂ ಪೇಪರ್ ಯಾವ ಬ್ರ್ಯಾಂಡ್ ಆದರೇನು? ಆದರೆ ಮಗುವಿನ ಹಾಲಿನ ಪುಡಿ ಹಾಗಲ್ಲ.

ಮನೆಯಲ್ಲಿ ಯಾರಿಗಾದರೂ ಕಡಲೆಕಾಯಿ, ಹಾಲು, ಗೋಧಿ, ಮೊಟ್ಟೆಯಂಥ ಅಲರ್ಜಿ ಇದ್ದರೆ ತಿನ್ನುವ ಯಾವ ಪ್ಯಾಕೆಟ್ಟಿಗೂ ಬದಲಿ ಬೇಡ ಅಂತಲೇ ಹಾಕಿ. ನೋಡಲು ಒಂದೇ ಥರ ಇರುವ ಎರಡು ಬಿಸ್ಕೆಟ್ ಪ್ಯಾಕೆಟ್ಟುಗಳಲ್ಲಿ ಒಳಗಿನ ಪದಾರ್ಥ ಬೇರೆ ಇರಬಹುದು. ಆ್ಯಪ್‌ನಲ್ಲಿರುವ ಫೋಟೋ, ಪದಾರ್ಥಗಳ ಪಟ್ಟಿ ಹಳೆಯದೂ ಆಗಿರಬಹುದು. ಕೈಗೆ ಬಂದ ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುವುದನ್ನು ಓದಿದ ಮೇಲೇ ತೆರೆಯಿರಿ. ಇದರಲ್ಲಿ ಮಾತ್ರ ಅವಸರ ಬೇಡವೇ ಬೇಡ.

ಹಂತ 7: ಬಾಗಿಲಿಗೆ ಬಂದಾಗ

ಸ್ಲಾಟ್ ಆರಿಸುವಾಗಲೇ ಮನೆಯಲ್ಲಿ ಯಾರಾದರೂ ಇರುವ ಹೊತ್ತು ನೋಡಿಕೊಳ್ಳಿ. ತಣ್ಣಗಿರಬೇಕಾದ ಆಹಾರ ಬಾಗಿಲ ಬಳಿ ಕಾಯುತ್ತಾ ಕೂರಬಾರದು. 4ರಿಂದ 60 ಡಿಗ್ರಿ ಸೆಲ್ಸಿಯಸ್ ಒಳಗೆ ಆಹಾರದಲ್ಲಿರುವ ಬ್ಯಾಕ್ಟೀರಿಯಾ ಬೇಗ ಬೇಗ ಬೆಳೆಯುತ್ತವೆ. ಮಾಂಸ, ಮೀನು, ಹಾಲು, ಬೇಯಿಸಿದ ಆಹಾರ ಆ ಬಿಸಿಯಲ್ಲಿ ಒಟ್ಟು ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಹೊರಗಿನ ಬಿಸಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಚೀಲ ಬಂದ ಕೂಡಲೇ ಮೊದಲು ಫ್ರೀಜರಿನ ಸಾಮಾನು, ಆಮೇಲೆ ಫ್ರಿಜ್ಜಿನದು, ಕೊನೆಗೆ ಉಳಿದದ್ದು. ಫ್ರೀಜರ್ −18 ಡಿಗ್ರಿ, ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಲಿ. ಫ್ರೋಜನ್ ಬಟಾಣಿಯ ಪ್ಯಾಕೆಟ್ಟನ್ನು ಬೆರಳಲ್ಲಿ ಒತ್ತಿ ನೋಡಿ. ಕಾಳು ಬಿಡಿಬಿಡಿಯಾಗಿ ಗಟ್ಟಿಯಾಗಿ ಸಿಕ್ಕರೆ ಚೆನ್ನಾಗಿದೆ. ಎಲ್ಲ ಒಂದೇ ಮಂಜುಗಡ್ಡೆಯಾಗಿ ಅಂಟಿಕೊಂಡಿದ್ದರೆ ಮಧ್ಯೆ ಎಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ಮಾಂಸದಲ್ಲಿ ಇನ್ನೂ ಮಂಜಿನ ಹರಳು ಕಾಣುತ್ತಿದ್ದರೆ ಮತ್ತೆ ಫ್ರೀಜರಿಗೆ ಇಡಬಹುದು, ಮೊದಲಿನ ಹದ ಇರುವುದಿಲ್ಲ ಅಷ್ಟೇ. ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ವಾಪಸ್ ಕೊಡಿ. ನೀರಾದ ಐಸ್‌ಕ್ರೀಮಿಗೂ ಇದೇ ಮಾತು.

ಮೊಟ್ಟೆಯ ಡಬ್ಬಿಯನ್ನು ಬಿಚ್ಚಿ, ಒಂದೊಂದು ಮೊಟ್ಟೆಯನ್ನೂ ಮೆಲ್ಲಗೆ ಅಲ್ಲಾಡಿಸಿ. ಕೆಳಗೆ ಒಡೆದದ್ದು ಡಬ್ಬಿಗೆ ಅಂಟಿಕೊಂಡು ಅಲ್ಲಾಡುವುದಿಲ್ಲ. ಹಸಿ ಮಾಂಸದ ನೀರು ಸೋರಿ ಸೊಪ್ಪು–ಹಣ್ಣಿನ ಮೇಲೆ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಹಸಿಯಾಗಿ ತಿನ್ನುವ ಯಾವುದನ್ನೂ ಇಟ್ಟುಕೊಳ್ಳಬೇಡಿ. ಹಾಲು, ಮೊಸರಿನ ದಿನಾಂಕ ಓದಿ. ತಕರಾರು ಇದ್ದರೆ ಫ್ರಿಜ್ಜಿಗೆ ಇಡುವ ಮೊದಲೇ ಲೇಬಲ್ಲೂ ದಿನಾಂಕವೂ ಕಾಣುವಂತೆ ಫೋಟೋ ತೆಗೆಯಿರಿ.

ಚೀಲ ಹಿಡಿದು ನಿಂತಿರುವವರ ಬಗ್ಗೆಯೂ ಹೇಳಲೇಬೇಕು. ಮಳೆ, ಬಿಸಿಲು, ಟ್ರಾಫಿಕ್ ಎಲ್ಲ ದಾಟಿ ಬಂದಿರುತ್ತಾರೆ. ವಿಳಾಸದಲ್ಲಿ ಮಹಡಿ, ಗೇಟು, ಲಿಫ್ಟ್ ಇದೆಯೋ ಇಲ್ಲವೋ ಎಲ್ಲ ಸರಿಯಾಗಿ ಬರೆದರೆ ಅವರ ಅಲೆದಾಟ ತಪ್ಪುತ್ತದೆ. ಲಿಫ್ಟ್ ಇಲ್ಲದ ಮನೆಗೆ ತುಂಬಾ ಭಾರದ ಆರ್ಡರ್ ಬಂದಿದ್ದರೆ, ಆಗುವವರು ಕೆಳಗಿಳಿದು ಒಂದು ಚೀಲ ಹಿಡಿಯಿರಿ. ಸಾಮಾನು ಆರಿಸಿದವರು ಬೇರೆ, ತಂದವರು ಬೇರೆ ಇರಬಹುದು. ಟೊಮೆಟೊ ಕೊಳೆತಿದ್ದಕ್ಕೆ ಬಾಗಿಲಲ್ಲಿ ನಿಂತವರನ್ನು ಬೈದರೆ ಅದು ಅನ್ಯಾಯ. ಟಿಪ್ಪು ಕೊಡುವುದಿದ್ದರೆ ಅದು ಅವರ ಕೈಗೇ ಸೇರುತ್ತದಾ ಅಂತ ವಿಚಾರಿಸಿ.

ಹಂತ 8: ಹಣ ವಾಪಸ್, ಫೋನಿನ ಮಾಹಿತಿ

ಮೊದಲ ಆರ್ಡರ್ ಚಿಕ್ಕದಾಗಿರಲಿ. ಎಡಗಡೆಯ ಪಟ್ಟಿಯಿಂದ ಕೆಲವು, ಬಲಗಡೆಯಿಂದ ಒಂದೆರಡು. ಸೇವೆ ಹೇಗಿದೆ ಅಂತ ಅಳೆಯಲು ಅಷ್ಟು ಸಾಕು. ತಪ್ಪಾದಾಗ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನೇ ಹೆಚ್ಚು ಗಮನಿಸಿ. ಒಂದು ಸಲ ಹಣ್ಣು ಕೆಟ್ಟು ಬರಬಹುದು, ಅದು ಎಲ್ಲಿ ಬೇಕಾದರೂ ಆಗುವಂಥದ್ದು. ಫೋಟೋ ನೋಡಿ ತಕ್ಷಣ ಹಣ ವಾಪಸ್ ಕೊಡುವವರನ್ನು ನಂಬಬಹುದು.

ಆ್ಯಪ್‌ಗೆ ಲೊಕೇಶನ್ ಅನುಮತಿಯನ್ನು 'ಬಳಸುವಾಗ ಮಾತ್ರ' ಅಂತ ಇಡಿ. ಏನು ತರಿಸುತ್ತೀರಿ ಅನ್ನುವುದರಿಂದಲೇ ಮನೆಯಲ್ಲಿ ಮಗು ಇದೆಯಾ, ಕಾಯಿಲೆಯವರು ಇದ್ದಾರಾ ಅಂತ ಊಹಿಸಬಹುದು. ಆದ್ದರಿಂದ ಕೇಳಿದ್ದಕ್ಕೆಲ್ಲ ಅನುಮತಿ ಕೊಡಬೇಡಿ. ಕಸ್ಟಮರ್ ಕೇರ್ ನಂಬರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ ಫೋನ್ ಮಾಡಬೇಡಿ, ಅಲ್ಲಿ ಕಳ್ಳ ನಂಬರುಗಳು ಇರುತ್ತವೆ. ಆ್ಯಪ್ ಒಳಗಿನ ಸಹಾಯದ ಪುಟದಿಂದಲೇ ಹೋಗಿ. ನಿಮಗೆ ಹಣ ವಾಪಸ್ ಕೊಡಲು ಯಾರಿಗೂ ನಿಮ್ಮ ಒಟಿಪಿ, ಕಾರ್ಡಿನ ಪಿನ್ ಬೇಕಾಗಿಲ್ಲ. ಫೋನ್ ಮಾಡಿ ಕೇಳಿದರೆ ಇಟ್ಟುಬಿಡಿ.

ತೂಕದ ಸಾಮಾನು ಇದ್ದರೆ ಕೆಲವು ಸೇವೆಗಳು ಮೊದಲು ಸ್ವಲ್ಪ ಜಾಸ್ತಿ ಹಣ ತಡೆಹಿಡಿದು, ತೂಕ ಮಾಡಿದ ಮೇಲೆ ಸರಿಯಾದ ಮೊತ್ತ ಮಾತ್ರ ತೆಗೆದುಕೊಳ್ಳುತ್ತವೆ. ಹಾಗಾಗಿ ಆರ್ಡರ್ ದಿನದ ಮೊತ್ತಕ್ಕೆ ಗಾಬರಿ ಬೇಡ, ಕೊನೆಯ ಬಿಲ್ಲನ್ನು ನೋಡಿ. ಸಿಗದ ಸಾಮಾನಿನ ಹಣ ವಾಪಸ್ ಬಂತಾ, ಬಂದಿದ್ದು ನಿಮ್ಮ ಕಾರ್ಡಿಗಾ ಅಥವಾ ಆ್ಯಪ್‌ನ ವಾಲೆಟ್ಟಿಗಾ ಅಂತ ನೋಡಿ. ವಾಲೆಟ್ಟಿಗೆ ಬಂದ ಹಣಕ್ಕೆ ಅವಧಿ ಇರಬಹುದು. ಕಾರ್ಡಿಗೇ ಬೇಕು ಅನ್ನುವ ಆಯ್ಕೆ ಇದ್ದರೆ ತಕರಾರು ಬರೆಯುವಾಗಲೇ ಅದನ್ನು ಒತ್ತಿ.